ಹಿಂದಿನವರಿಗಾಗಿ ಉರಿಯುವ ದೀಪ

ಪತ್ತನಾಜೆಗೆ ಇನ್ನೊಂದು ವಾರವಿತ್ತು. ಉಳ್ಳಾಲದ ಕಡೆ ಒಂದು ಕಾಲಮಿತಿ ಯಕ್ಷಗಾನಕ್ಕೆ ಜನರೇಟರ್ ಒದಗಿಸಿ, ಆಟ ಮುಗಿದ ಮೇಲೆ ನಾನೂ ನನ್ನ ದೊಡ್ಡಮ್ಮನ ಮಗನೂ ಬೋಳಾರಕ್ಕೆ ಹಿಂದಿರುಗುತ್ತಿದ್ದೆವು. ಪಿಕಪ್ಪಿನ ಹಿಂದೆ ಎರಡು ಚಕ್ರದ ಟ್ರೈಲರ್, ಅದರ ಮೇಲೆ ಜನರೇಟರ್. ಮಳೆಗಾಲ ಇನ್ನೂ ಶುರುವಾಗಿರಲಿಲ್ಲ, ಆದರೆ ಆ ರಾತ್ರಿ ಮಳೆ ಜೋರಾಗಿಯೇ ಹೊಯ್ಯುತ್ತಿತ್ತು. ನೇತ್ರಾವತಿ ಸೇತುವೆ ದಾಟಿ ಜೆಪ್ಪಿನಮೊಗರಿನ ಹತ್ತಿರ ಬರುವಾಗ ಸ್ಕೂಟರಿನವನೊಬ್ಬ ಬಿಡದೆ ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂದ. ಅಣ್ಣ ಕಿಟಕಿಯ ಗಾಜು ಇಳಿಸಿದ.

"ಎಂಥದು ಮಾರಾಯ್ರೆ, ಹಿಂದೆ ಲೈಟೇ ಇಲ್ಲ! ಈಗ ಬಂದು ಗುದ್ದುತ್ತಿದ್ದೆ ನಾನು."

"ಹೌದಾ? ಗೊತ್ತೇ ಆಗ್ಲಿಲ್ಲ," ಅಂದ ಅಣ್ಣ.

"ಗೊತ್ತಿರ್ಲಿಲ್ಲ," ಎಂದು ನಾನೂ ದನಿಗೂಡಿಸಿದೆ.

ಸ್ಕೂಟರಿನವನು ತಲೆ ಕೊಡವಿ ಮುಂದೆ ಹೋದ. ಅಣ್ಣ ಹೇಳಿದ್ದು ನಿಜ. ನಾನು ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ.

ಆಟದ ಬಯಲಿನಿಂದ ಹೊರಡುವಾಗ ಟ್ರೈಲರಿನ ಹಗ್ಗ ಬಿಗಿಯುತ್ತಾ ಹಿಂದೆ ನಿಂತಿದ್ದವನು ನಾನೇ. ಅಣ್ಣ ಎಡಗಡೆಯ ಇಂಡಿಕೇಟರ್ ಹಾಕಿದಾಗ ಹಳದಿ ದೀಪದ ಜೊತೆ ಕೆಂಪು ದೀಪವೂ ಮಂಕಾಗಿ ಮಿಟುಕಿದ್ದನ್ನು ಕಂಡಿದ್ದೆ. ಬ್ರೇಕ್ ಒತ್ತಿದಾಗ ದೀಪ ಪ್ರಖರವಾಗುವ ಬದಲು ಇನ್ನಷ್ಟು ಮಂಕಾಗಿತ್ತು. ಎಲ್ಲೋ ನೀರು ಹೋಗಿರಬೇಕು, ಮನೆ ಏನು ದೂರವೇ, ಎಂದುಕೊಂಡು ಬಂದು ಕೂತೆ. ನಿದ್ದೆ ಬರುತ್ತಿತ್ತು. ಆಮೇಲೆ ಅದನ್ನು ಮರೆತೂಬಿಟ್ಟೆ. ಇಡೀ ರಂಗಸ್ಥಳಕ್ಕೆ ಬೆಳಕು ಕೊಟ್ಟು ಬಂದ ಗಾಡಿಯ ಬೆನ್ನಿಗೆ ಬೆಳಕಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಷ್ಟು ಅಕ್ಷರಶಃ ನಿಜವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ಬೆಳಿಗ್ಗೆ ಬೋಳಾರದ ಶೆಡ್ಡಿನಲ್ಲಿ ರಿಪೇರಿಗೆ ಕೂತೆವು. ಎಲ್ಲರೂ ಮಾಡುವಂತೆ ಮೊದಲು ಬಲ್ಬನ್ನೇ ಅನುಮಾನಿಸಿದೆವು. ಬ್ರೇಕಿಗೆ 21 ವ್ಯಾಟ್, ಪಾರ್ಕಿಂಗಿಗೆ 5 ವ್ಯಾಟ್, ಹೀಗೆ ಒಂದೇ ಗಾಜಿನೊಳಗೆ ಎರಡು ತಂತಿಯಿರುವ ಬಲ್ಬು ಅದು. ಹೊಸದು ಹಾಕಿದರೂ ಅದೇ ಮಿಣುಕು. ಫ್ಯೂಸ್ ಸರಿಯಿತ್ತು. ಬಲ್ಬ್ ಕಳಚಿದ ಹೋಲ್ಡರಿಗೆ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ತೋರಿಸಿತು. ಕರೆಂಟ್ ಬರುತ್ತಿದೆ, ಬಲ್ಬ್ ಹೊಸದು, ಆದರೂ ಉರಿಯುವುದಿಲ್ಲ ಎಂದರೆ ಏನರ್ಥ?

ಬೋಟುಗಳ ವೈರಿಂಗ್ ಮಾಡುವ ಹಿರಿಯರೊಬ್ಬರು ಆ ದಾರಿಯಲ್ಲಿ ಬಂದವರು ನಿಂತು ನೋಡಿದರು. ತುಳುವಿನಲ್ಲಿ ಅವರು ಹೇಳಿದ್ದರ ಅರ್ಥ ಇಷ್ಟು: ಬರುವುದನ್ನು ಮಾತ್ರ ನೋಡುತ್ತಿದ್ದೀರಿ, ಹಿಂದೆ ಹೋಗುವುದಕ್ಕೆ ದಾರಿ ಉಂಟಾ ನೋಡಿ.

ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬನ್ನು ಹಾದು ಬ್ಯಾಟರಿಗೇ ಮರಳಬೇಕು. ಆ ಮರಳುವ ದಾರಿಯನ್ನು ನಮ್ಮ ಮೆಕ್ಯಾನಿಕರು ಅರ್ತ್ ಎನ್ನುತ್ತಾರೆ. 7 ಪಿನ್ನಿನ ಟ್ರೈಲರ್ ಸಾಕೆಟ್ಟಿನಲ್ಲಿ ಅದಕ್ಕೆ ಮೂರನೆಯ ಪಿನ್ನೂ ಬಿಳಿಯ ವೈರೂ ಮೀಸಲು. ಎಲ್ಲ ದೀಪಗಳಿಗೂ ಬರುವ ದಾರಿ ಬೇರೆ ಬೇರೆ, ಮರಳುವ ದಾರಿ ಒಂದೇ. ಅದು ಕೆಟ್ಟರೆ ಕರೆಂಟು ಸುಮ್ಮನಿರುವುದಿಲ್ಲ. ಬ್ರೇಕ್ ದೀಪದ ಕರೆಂಟು ಪಕ್ಕದ ದೀಪದ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಪಿಕಪ್ಪಿನ ದೀಪಗಳ ಮೂಲಕ ಸುತ್ತಿಬಳಸಿ ಮರಳಲು ನೋಡುತ್ತದೆ. ಹಾಗಾಗಿಯೇ ಒಂದು ಹಾಕಿದರೆ ಇನ್ನೊಂದು ಮಿಟುಕುವುದು. ಹಾಗೆ ಮಿಟುಕಿದರೆ ದೀಪಗಳನ್ನು ಬಿಟ್ಟು ಮೊದಲು ಅರ್ತ್ ನೋಡಬೇಕು.

ಹಿರಿಯರು ಬಲ್ಬನ್ನು ಮತ್ತೆ ಹಾಕಿಸಿದರು. ಅಣ್ಣನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿದರು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ದೀಪದ ಅರ್ತ್‌ಗೆ. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು, 4 ವೋಲ್ಟಿನ ಹತ್ತಿರ ತೋರಿಸಿತು. ಬಿಳಿಯ ವೈರನ್ನು ಹಿಂಬಾಲಿಸಿ ಹೋದರೆ ಅದು ಟ್ರೈಲರಿನ ಚಾಸಿಗೆ ಬಿಗಿದಿದ್ದ ಬೋಲ್ಟು ಸಿಕ್ಕಿತು. ಅಳಿವೆಬಾಗಿಲಿನಿಂದ ಬೀಸುವ ಉಪ್ಪುಗಾಳಿ, ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆ, ಎರಡೂ ಸೇರಿ ತಾಮ್ರಕ್ಕೆ ಹಸಿರು ಕಿಲುಬು, ಕಬ್ಬಿಣಕ್ಕೆ ತುಕ್ಕು ಹಿಡಿಸಿದ್ದವು. ಉಜ್ಜಿ ಹೊಳಪು ತಂದು, ಬಿಗಿಮಾಡಿ, ಮೇಲೆ ಗ್ರೀಸ್ ಹಚ್ಚಿದೆವು. ಹತ್ತು ನಿಮಿಷದ ಕೆಲಸ. ದೀಪ ಝಗ್ಗೆಂದಿತು.

ಎರಡು ಬ್ರೇಕ್ ದೀಪಗಳಿರುವ ಆ ದಾರಿಯಲ್ಲಿ ಬರೀ 1 ಓಮ್‌ನಷ್ಟು ತಡೆ ಬಂದರೆ ಬಲ್ಬಿಗೆ 12ರ ಬದಲು ಸುಮಾರು 9 ವೋಲ್ಟ್ ಸಿಗುತ್ತದೆ. ಬೆಳಕು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವವನು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತಾನೆ. ಮಂಕು ಕೆಂಪನ್ನು ಮಳೆಯಲ್ಲಿ ಗುರುತಿಸುವುದು ಒಂದು ಸೆಕೆಂಡ್ ತಡವಾದರೆ ಆ 14 ಮೀಟರ್ ಅವನ ಪಾಲಿಗೆ ಇಲ್ಲ.

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಆ "ಗೊತ್ತಿರಲಿಲ್ಲ" ಎಂಬ ಮಾತು. ಮುಂದಿನ ದೀಪ ಕೆಟ್ಟರೆ ಚಾಲಕನಿಗೇ ದಾರಿ ಕಾಣುವುದಿಲ್ಲ, ಆಗಲೇ ನಿಲ್ಲಿಸಿ ಇಳಿಯುತ್ತಾನೆ. ಹಿಂದಿನ ದೀಪ ಕೆಟ್ಟರೆ ಅವನಿಗೆ ಏನೂ ಆಗುವುದಿಲ್ಲ. ಗಾಡಿ ಎಂದಿನಂತೆ ಓಡುತ್ತದೆ, ಬ್ರೇಕ್ ಎಂದಿನಂತೆ ಹಿಡಿಯುತ್ತದೆ. ಆ ದೀಪ ಇರುವುದೇ ಬೇರೆಯವನಿಗಾಗಿ. ಅವನ ಹೆಸರು ನಮಗೆ ಗೊತ್ತಿಲ್ಲ, ಮುಖ ನೋಡಿಲ್ಲ, ನೋಡುವುದೂ ಇಲ್ಲ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತೇವೆ. ಕಾಣದ ಬೆನ್ನಿನ ಬಗ್ಗೆ ನಾವು ಎಷ್ಟು ಹೊಣೆಗಾರರು?

ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯೂ. ಕೆ. ಕ್ಲಿಫರ್ಡ್ 1877ರಲ್ಲಿ 'ದಿ ಎಥಿಕ್ಸ್ ಆಫ್ ಬಿಲೀಫ್' ಎಂಬ ಪ್ರಬಂಧ ಬರೆದ. ಅದು ಶುರುವಾಗುವುದು ಒಬ್ಬ ಹಡಗಿನ ಮಾಲೀಕನ ಕತೆಯಿಂದ. ಹಡಗು ಹಳೆಯದು, ರಿಪೇರಿ ಬೇಕೇನೋ ಎಂಬ ಅನುಮಾನ ಅವನಿಗಿದೆ. ಇಷ್ಟು ಸಲ ಹೋಗಿಬಂದಿದೆ, ಈ ಸಲವೂ ಬರುತ್ತದೆ ಎಂದು ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಾನೆ. ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಹಡಗು ಮುಳುಗುತ್ತದೆ, ಅವನು ವಿಮೆಯ ಹಣ ಪಡೆದು ಸುಮ್ಮನಾಗುತ್ತಾನೆ. ಕ್ಲಿಫರ್ಡ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಹಡಗು ಮುಳುಗದೆ ಸುರಕ್ಷಿತವಾಗಿ ದಡ ಸೇರಿದ್ದರೂ ಮಾಲೀಕ ಅಷ್ಟೇ ತಪ್ಪಿತಸ್ಥ, ಸಿಕ್ಕಿಬೀಳಲಿಲ್ಲ ಅಷ್ಟೇ ಎನ್ನುತ್ತಾನೆ. ಯಾಕೆಂದರೆ ಹಾಗೆ ನಂಬಲು ಅವನಿಗೆ ಹಕ್ಕಿರಲಿಲ್ಲ.

ಆ ಮಾಲೀಕನಲ್ಲಿ ನನಗೆ ಕಂಡದ್ದು ನನ್ನ ಮುಖವೇ. ಸ್ಕೂಟರಿನವನು ಗುದ್ದಲಿಲ್ಲ ಎಂಬುದು ಅವನ ಎಚ್ಚರ, ಅವನ ಅದೃಷ್ಟ. ನನ್ನ ಲೆಕ್ಕಕ್ಕೆ ಅದನ್ನು ಜಮಾ ಮಾಡಿಕೊಳ್ಳಲಾಗದು.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಎಲ್ಲವನ್ನೂ ಪರೀಕ್ಷಿಸಿ ಬದುಕಲು ಆಗುತ್ತದೆಯೆ? ಬಾಡಿಗೆಗೆ ಹೋಗುವವನು ಪ್ರತಿ ಬೋಲ್ಟನ್ನೂ ಬಿಚ್ಚಿ ನೋಡುತ್ತಾ ಕೂತರೆ ಅವನ ಮನೆಯ ಒಲೆ ಉರಿಯುವುದು ಹೇಗೆ? ಅಣ್ಣನ ಮೇಲೆ ನಾನು ತಪ್ಪು ಹೊರಿಸಲಾರೆ. ಸೀಟಿನಲ್ಲಿ ಕೂತವನಿಗೆ ಆ ದೀಪ ಕಾಣಲು ಸಾಧ್ಯವೇ ಇರಲಿಲ್ಲ, ಬೋಲ್ಟಿನ ಅಡಿಯ ಕಿಲುಬಂತೂ ಯಾರಿಗೂ ಕಾಣುವಂಥದ್ದಲ್ಲ. ಎಲ್ಲ ಅಜ್ಞಾನವೂ ಅಪರಾಧವಲ್ಲ.

ಆದರೆ ಒಂದು ಬಗೆಯ ತಪ್ಪಿನ ಬಗ್ಗೆ ಈ ರಿಯಾಯಿತಿ ಸಲ್ಲುವುದಿಲ್ಲ ಎಂದು ಈಗ ಅನಿಸುತ್ತದೆ. ನಮಗೆ ನೋವು ಕೊಡುವ ದೋಷ ತಾನಾಗಿಯೇ ಬಂದು ಬಾಗಿಲು ತಟ್ಟುತ್ತದೆ, ಅದನ್ನು ಹುಡುಕಬೇಕಾಗಿಲ್ಲ. ನಮಗೆ ಏನೂ ಆಗದೆ ಬೇರೆಯವರಿಗಷ್ಟೇ ತಾಗುವ ದೋಷ ನಮ್ಮ ಬಳಿ ಎಂದೂ ಬರುವುದಿಲ್ಲ. ಅದನ್ನು ನಾವೇ ಹುಡುಕಿಕೊಂಡು ಹೋಗಬೇಕು. ಪಾಠ ಅರ್ಥವಾಗಿದೆ ಎಂದುಕೊಂಡ ಮೇಷ್ಟರಿಗೆ ಹಿಂದಿನ ಬೆಂಚಿನ ಮೌನದಿಂದ ಏನೂ ತೊಂದರೆಯಿಲ್ಲ. ತನ್ನ ತಮಾಷೆ ಯಾರಿಗೆ ಚುಚ್ಚಿತು ಎಂದು ನಕ್ಕವನಿಗೆ ತಿಳಿಯುವುದಿಲ್ಲ. ಇಂಥಲ್ಲೆಲ್ಲ ಕಾಣದಿರುವುದೇ ವಿಚಾರಿಸಬೇಕಾದ ಕಾರಣ, ಬಿಟ್ಟುಬಿಡಲು ನೆಪವಲ್ಲ.

ವಿಚಾರಿಸುವ ರೀತಿಯೂ ಮುಖ್ಯ. ಬಲ್ಬ್ ಕಳಚಿದಾಗ ನಮ್ಮ ಮೀಟರ್ 12 ವೋಲ್ಟ್ ತೋರಿಸಿತ್ತಲ್ಲ, ಅದು ಸುಳ್ಳಲ್ಲ. ತುಕ್ಕು ಹಿಡಿದ ಜೋಡಣೆಯೂ ಮೀಟರಿಗೆ ಬೇಕಾದ ಚೂರು ಕರೆಂಟನ್ನು ಸಲೀಸಾಗಿ ದಾಟಿಸುತ್ತದೆ. ಬಲ್ಬಿನ ಭಾರ ಬಿದ್ದಾಗ ಮಾತ್ರ ಸೋಲುತ್ತದೆ. ಬಿಡುವಿನ ಹೊತ್ತಿನಲ್ಲಿ ಕೇಳಿದ್ದರೆ ಅಪರಿಚಿತರ ಜೀವದ ಬಗ್ಗೆ ನನಗೆ ಕಾಳಜಿಯಿದೆ ಎಂದೇ ಹೇಳುತ್ತಿದ್ದೆ, ಅದೂ ಸುಳ್ಳಾಗಿರುತ್ತಿರಲಿಲ್ಲ. ನಿದ್ದೆ, ಮಳೆ, ಮನೆಗೆ ಹೋಗುವ ಅವಸರ, ಇಷ್ಟು ಭಾರ ಬಿದ್ದಾಗ ಅದರಲ್ಲಿ ಎಷ್ಟು ಉಳಿಯಿತು ಎಂಬುದು ಆ ರಾತ್ರಿ ತಿಳಿಯಿತು.

ಬೋಲ್ಟ್ ಬಿಗಿದಾದ ಮೇಲೆ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೇಳ್ಬಹುದಿತ್ತಲ್ಲ ನೀನು," ಅಂದ, ಅಷ್ಟೆ.

ಈಗ ಟ್ರೈಲರ್ ಕಟ್ಟಿದಾಗಲೆಲ್ಲ ಅವನು ಕ್ಯಾಬಿನ್ನಿನಲ್ಲಿ ಕೂತು ಯಾರನ್ನಾದರೂ ಹಿಂದೆ ನಿಲ್ಲಿಸುತ್ತಾನೆ. ನಾನಿದ್ದರೆ ನನ್ನನ್ನೇ. "ಲೆಫ್ಟ್?" "ಉಂಟು." "ರೈಟ್?" "ಉಂಟು." "ಬ್ರೇಕ್?" ಇಲ್ಲಿ ನಾನು ಒಂದು ಕ್ಷಣ ಹೆಚ್ಚೇ ನೋಡುತ್ತೇನೆ. ಆಮೇಲೆ ಉತ್ತರ ಕೊಡುತ್ತೇನೆ.