ಪುಸ್ತಕಕ್ಕೂ ಗಂಡು ಹೆಣ್ಣೆಂಬ ಭೇದವುಂಟೆ?

ಪುಸ್ತಕ ಕೇಳಿ ಬಂದ ಮಗುವನ್ನು ಕುರಿತು ಗ್ರಂಥಪಾಲಕರು ಮೊದಲು ತಿಳಿಯಬೇಕಾದುದೇನು? ‘ಓದುವುದು ಹುಡುಗನೋ, ಹುಡುಗಿಯೋ?’ ಎಂಬ ಪ್ರಶ್ನೆ ನಾಲಗೆಗೆ ಸುಲಭವಾಗಿ ಬರುತ್ತದೆ. ಉತ್ತರ ದೊರೆತೊಡನೆ ಹುಡುಗನಿಗೆ ಸಾಹಸ, ವಿಜ್ಞಾನ, ಕ್ರಿಕೆಟ್. ಹುಡುಗಿಗೆ ರಾಜಕುಮಾರಿ, ಗೆಳೆತನ, ಮನೆಯ ಕಥೆ ಎಂದು ಆಯ್ಕೆ ಮುಗಿದುಹೋಗುತ್ತದೆ. ಇದರಲ್ಲಿ ದುರುದ್ದೇಶವೇನೂ ಇಲ್ಲ. ಆದರೆ ಇದು ನ್ಯಾಯವೇ?

ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಡಾ. ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಪ್ರತಿಯೊಬ್ಬ ಓದುಗರಿಗೂ ಅವರಿಗೆ ಒಪ್ಪುವ ಪುಸ್ತಕ ಸಿಗಬೇಕೆಂಬುದು ಎರಡನೆಯ ಸೂತ್ರ. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗರು ಸಿಗಬೇಕೆಂಬುದು ಮೂರನೆಯದು. ‘ಪ್ರತಿಯೊಬ್ಬ’ ಎಂಬ ಮಾತನ್ನು ಗಮನಿಸಿರಿ. ಅದು ಗುಂಪನ್ನಲ್ಲ, ವ್ಯಕ್ತಿಯನ್ನು ನೋಡುತ್ತದೆ.

1997ರಲ್ಲಿ ಹ್ಯಾರಿ ಪಾಟರ್ ಸರಣಿಯ ಮೊದಲ ಕಾದಂಬರಿ ಹೊರಬಂದಾಗ ಲೇಖಕಿಯ ‘ಜೋನ್’ ಎಂಬ ಹೆಸರು ಮುಖಪುಟದಲ್ಲಿರಲಿಲ್ಲ. ಇನಿಷಿಯಲ್‌ಗಳು ಮಾತ್ರ ಇದ್ದವು. ಹೆಣ್ಣು ಬರೆದುದನ್ನು ಹುಡುಗರು ಓದಲಾರರೆಂಬುದು ಪ್ರಕಾಶಕರ ಅಂಜಿಕೆಯಾಗಿತ್ತು. ಬರೆದವರು ಮಹಿಳೆಯೆಂದು ಜಗತ್ತಿಗೆಲ್ಲ ತಿಳಿದ ಮೇಲೂ ಹುಡುಗರು ಆ ಸರಣಿಯನ್ನು ಕೈಬಿಡಲಿಲ್ಲ. ಅಂಜಿಕೆ ಹಿರಿಯರದ್ದಾಗಿತ್ತು, ಮಕ್ಕಳದ್ದಲ್ಲ.

ಈ ವಿಂಗಡಣೆಯಿಂದ ಹುಡುಗಿಯ ಲೋಕ ಕಿರಿದಾಗುತ್ತದೆಂಬುದನ್ನು ನಾವೆಲ್ಲ ಒಪ್ಪುತ್ತೇವೆ. ಹುಡುಗನ ನಷ್ಟವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡು ಬಾರಿ ನೊಬೆಲ್ ಪಾರಿತೋಷಕ ಪಡೆದ ಮೇರಿ ಕ್ಯೂರಿಯವರ ಜೀವನಚರಿತ್ರೆಯನ್ನು ಹುಡುಗಿಗೆ ಮಾತ್ರ ಕೊಟ್ಟರೆ, ಹೆಣ್ಣಿನ ಹಿರಿಮೆಯನ್ನು ಗಂಡು ತಿಳಿಯಬೇಕಾಗಿಲ್ಲ ಎಂದಂತಾಯಿತು. ಕಥೆಯಲ್ಲಾದರೂ ಒಬ್ಬ ಹೆಣ್ಣುಮಗಳ ಕಣ್ಣಿನಿಂದ ಲೋಕವನ್ನು ಕಾಣದ ಬಾಲಕನು ನಾಳೆ ಪತಿಯಾಗಿ, ತಂದೆಯಾಗಿ, ಅಧಿಕಾರಿಯಾಗಿ ಆಕೆಯ ನೋವನ್ನು ಹೇಗೆ ಅರಿತಾನು?

ಹಾಗಾದರೆ ಕ್ರಿಕೆಟ್ ಪುಸ್ತಕ ಕೇಳಿದ ಹುಡುಗನಿಗೂ ರಾಜಕುಮಾರಿಯ ಕಥೆ ಬೇಕೆಂದ ಹುಡುಗಿಗೂ ಅವನ್ನು ನಿರಾಕರಿಸಬೇಕೆ? ಸರ್ವಥಾ ಇಲ್ಲ. ಅದೂ ಇನ್ನೊಂದು ಬಗೆಯ ಬಲವಂತವೇ. ಮಗು ಕೇಳಿದುದನ್ನು ಕೊಡಬೇಕು. ಅದರ ಪಕ್ಕದಲ್ಲಿ ಅದು ಕೇಳಲು ಅರಿಯದ ಇನ್ನೊಂದನ್ನೂ ಇಡಬೇಕು. ಆರಿಸುವ ಸ್ವಾತಂತ್ರ್ಯ ಮಗುವಿನದು. ಆಯ್ಕೆಯನ್ನು ವಿಸ್ತರಿಸುವ ಹೊಣೆ ಹಿರಿಯರದು. ‘ಹಿಂದೆ ಓದಿದ್ದರಲ್ಲಿ ನಿನಗೆ ಯಾವುದು ಹಿಡಿಸಿತು?’ ಎಂದು ಕೇಳುವ ಗ್ರಂಥಪಾಲಕರು ಆ ಮಗುವಿನ ಮನಸ್ಸನ್ನು ಗೌರವಿಸುತ್ತಾರೆ.

ತಂದೆತಾಯಿಯರೇ, ಆ ಪ್ರಶ್ನೆಗೆ ಮಗುವಿನ ಪರವಾಗಿ ನೀವು ಉತ್ತರಿಸಬೇಡಿರಿ. ಮಗ ‘ಹುಡುಗಿಯರ ಪುಸ್ತಕ’ವನ್ನು ಮನೆಗೆ ತಂದರೆ ನಗಬೇಡಿರಿ. ಸಾಧ್ಯವಾದರೆ ಆತನೊಡನೆ ಕುಳಿತು ನೀವೂ ಓದಿರಿ.