ಅಂತ್ಯಕಾಲದ ಸ್ಮರಣೆ ಮತ್ತು ಪರೀಕ್ಷೆಯ ಹಿಂದಿನ ರಾತ್ರಿ

ಪರೀಕ್ಷೆಯ ಹಿಂದಿನ ರಾತ್ರಿಯ ಓದನ್ನು ಸೋಮಾರಿತನದ ಫಲವೆಂದು ಬೈದು ಮುಗಿಸುವುದು ಹಿರಿಯರಿಗೆ ಸುಲಭ. ಆದರೆ ಆ ಬೈಗುಳದ ಹಿಂದೆ ಬಹಳ ಹಳೆಯದಾದ ತಾತ್ವಿಕ ಪ್ರಶ್ನೆಯೊಂದು ಅಡಗಿ ಕುಳಿತಿದೆ. ಕೊನೆಯ ಗಳಿಗೆಯಲ್ಲಿ ಮನಸ್ಸಿಗೆ ತಂದುಕೊಂಡದ್ದಕ್ಕೆ ಬೆಲೆಯಿದೆಯೇ, ಇದ್ದರೆ ಅದು ಎಂಥದ್ದು ಎಂಬ ಆ ಪ್ರಶ್ನೆಯನ್ನು ಭಾರತೀಯ ಚಿಂತನೆ ಎರಡು ಕಡೆ ಎದುರಿಸಿದೆ: ನೆನಪು ಎಂದರೇನು ಎಂದು ವಿಚಾರಿಸುವ ನ್ಯಾಯ-ವೈಶೇಷಿಕ ಗ್ರಂಥಗಳಲ್ಲಿ ಒಮ್ಮೆ, ಸಾಯುವ ಹೊತ್ತಿನ ಸ್ಮರಣೆ ಮನುಷ್ಯನನ್ನು ಉದ್ಧರಿಸೀತೇ ಎಂದು ಕೇಳುವ ಭಕ್ತಿಗ್ರಂಥಗಳಲ್ಲಿ ಇನ್ನೊಮ್ಮೆ. ಎಂಜಿನಿಯರಿಂಗ್ ವಿದ್ಯಾರ್ಥಿಯ ಮೇಜಿನ ಮುಂದೆ ಇವೆರಡೂ ಒಟ್ಟಿಗೆ ಬಂದು ನಿಲ್ಲುತ್ತವೆ.

ಉದಾಹರಣೆಗೆ, 1998ರಲ್ಲಿ ಆರಂಭಗೊಂಡು ಬೆಳಗಾವಿಯಲ್ಲಿ ಕೇಂದ್ರವನ್ನು ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿದ್ಯಾರ್ಥಿಗಳ ಬಾಯಲ್ಲಿ ‘ವಿಟಿಯು’ದ, ಗಣಿತದ ಪ್ರಶ್ನೆಪತ್ರಿಕೆಯನ್ನು ಗಮನಿಸಬಹುದು. ಪಠ್ಯ ಐದು ಮಾಡ್ಯೂಲ್‌ಗಳಲ್ಲಿ ಹಂಚಿಹೋಗಿರುತ್ತದೆ. ಪ್ರತಿಯೊಂದರಿಂದಲೂ 20 ಅಂಕಗಳ ಎರಡೆರಡು ಪ್ರಶ್ನೆಗಳು ಬರುತ್ತವೆ, ಒಂದೊಂದನ್ನು ಆರಿಸಿಕೊಂಡು ಒಟ್ಟು ಐದಕ್ಕೆ ಮೂರು ಗಂಟೆಗಳಲ್ಲಿ ಉತ್ತರಿಸಬೇಕು. 2022ರ ಸ್ಕೀಮಿನಲ್ಲಿ 100ಕ್ಕೆ ಕನಿಷ್ಠ 35 ಅಂಕ ಇಲ್ಲಿ ಬರಬೇಕು, ಇಂಟರ್ನಲ್ಸ್ ಅಂಕಗಳೂ ಸೇರಿ ಒಟ್ಟಾರೆ ಶೇ. 40 ಆಗಬೇಕು. ಎರಡು ಮಾಡ್ಯೂಲ್‌ಗಳನ್ನು ಚೊಕ್ಕವಾಗಿ ಬರೆದರೆ 40 ಅಂಕ ಕೈಸೇರುತ್ತದೆ, ಉಳಿದ ಮೂರರಲ್ಲಿ ಅಲ್ಲೊಂದು ಇಲ್ಲೊಂದು ಸೂತ್ರ ಗೀಚಿದರೆ ಇನ್ನೊಂದಿಷ್ಟು ಬೀಳುತ್ತದೆ ಎಂಬ ಲೆಕ್ಕವನ್ನು ಗಣಿತದಲ್ಲಿ ಅತಿ ಹಿಂದುಳಿದವನೂ ತಪ್ಪಿಲ್ಲದೆ ಮಾಡಬಲ್ಲ. ಈ ಲೆಕ್ಕದಿಂದಲೇ ‘ಪಾಸಿಂಗ್ ಪ್ಯಾಕೇಜ್’ ಎಂಬ ಮಾತು ಹುಟ್ಟಿದೆ: ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಆಯ್ದು ಕಟ್ಟಿದ ಒಂದು ಗಂಟು. ಜೆರಾಕ್ಸ್ ಅಂಗಡಿಯಲ್ಲಿಯೋ ಮೊಬೈಲಿನಲ್ಲಿಯೋ ಸಿಗುವ ಆ ಗಂಟನ್ನು ಸಂಜೆ ಬಿಚ್ಚಿ ಬೆಳಗಿನೊಳಗೆ ತಲೆಗೆ ತುಂಬಿಕೊಳ್ಳುವವರಲ್ಲಿ ಗಣನೀಯ ಪಾಲು ಜನ ಪಾಸಾಗುವುದೂ ಉಂಟು.

ಅವರು ಪಾಸಾದದ್ದು ಜ್ಞಾನದಿಂದಲೇ? ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ ಅರಿವನ್ನು ಸ್ಮೃತಿ ಮತ್ತು ಅನುಭವ ಎಂದು ಎರಡಾಗಿ ಒಡೆದು, ಯಥಾರ್ಥವಾದ ಅನುಭವಕ್ಕೆ ಮಾತ್ರ ‘ಪ್ರಮೆ’ ಎಂಬ ಹೆಸರನ್ನು, ಅಂದರೆ ಪ್ರಮಾಣದಿಂದ ದೊರೆತ ಸರಿಯಾದ ಜ್ಞಾನವೆಂಬ ಸ್ಥಾನವನ್ನು ಕೊಡುತ್ತದೆ. ಸ್ಮೃತಿ ಎಂಬುದು ಕೇವಲ ಸಂಸ್ಕಾರದಿಂದ, ಎಂದರೆ ಹಿಂದಿನ ಅನುಭವ ಆತ್ಮದಲ್ಲಿ ಬಿಟ್ಟುಹೋದ ಅಚ್ಚಿನಿಂದ ಹುಟ್ಟುವಂಥದ್ದು. ಅದರ ಸತ್ಯ ಆ ಮೊದಲ ಅನುಭವದಿಂದ ಪಡೆದ ಸಾಲವೇ ಹೊರತು ಸ್ವಂತದ ಗಳಿಕೆಯಲ್ಲ. ಒಂದು ಸಮೀಕರಣವನ್ನು ಒಮ್ಮೆ ಅರಿತು ಮರುದಿನ ನೆನೆಯುವವನ ಸ್ಮೃತಿಗೆ ಹಿಂದೆ ಅನುಭವದ ಬಂಡವಾಳವಿದೆ. ಎಂದೂ ಅರಿಯದೆ, ಹಾಳೆಯ ಮೇಲೆ ಅಕ್ಷರಗಳು ಕುಳಿತ ಬಗೆಯನ್ನಷ್ಟೇ ಉರು ಹೊಡೆದವನ ನೆನಪಿನ ಹಿಂದೆ ಇರುವುದು ಹಾಳೆಯ ಅನುಭವ, ಸಮೀಕರಣದ್ದಲ್ಲ. ಆದ್ದರಿಂದ ಅವನಿಗೆ ಹಾಳೆ ನೆನಪಿದೆ ಎಂಬುದಷ್ಟೇ ಸತ್ಯವಾದ ಮಾತಾಗುತ್ತದೆ.

ಇದೇ ಶಾಸ್ತ್ರ ಸಂಸ್ಕಾರವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ಹೇಳುವುದು ಎಂಜಿನಿಯರಿಂಗ್ ಓದುವವರಿಗೆ ವಿಶೇಷ ರುಚಿ ಕೊಡಬೇಕು. ಎಸೆದ ಬಾಣವನ್ನು ಮುಂದಕ್ಕೊಯ್ಯುವುದು ವೇಗ; ಬಾಗಿಸಿ ಬಿಟ್ಟ ಕೊಂಬೆಯನ್ನು ಮೊದಲಿನ ಆಕಾರಕ್ಕೆ ಮರಳಿಸುವುದು ಸ್ಥಿತಿಸ್ಥಾಪಕ; ಕಂಡದ್ದನ್ನು ಮತ್ತೆ ನೆನಪಿಗೆ ತರುವುದು ಭಾವನಾ. ವಸ್ತುವಿನ ಚಲನೆ, ಉಕ್ಕಿನ ಪುಟಿತ, ಮನುಷ್ಯನ ನೆನಪು ಮೂರನ್ನೂ ಒಂದೇ ಪದಾರ್ಥದ ಕೆಳಗೆ ತಂದ ಈ ವರ್ಗೀಕರಣ ಇಂದಿನ ಭೌತಶಾಸ್ತ್ರಕ್ಕೆ ಒಪ್ಪಿಗೆಯಾಗಬೇಕಿಲ್ಲ. ಆದರೆ ಹಿಂದೆ ಆದದ್ದು ಮುಂದೆಯೂ ಕೆಲಸ ಮಾಡುವಂತೆ ಉಳಿದುಕೊಳ್ಳುವ ಶಕ್ತಿಯೇ ಸಂಸ್ಕಾರವೆಂಬ ಅದರ ಒಳನೋಟ ಹಳತಾಗಿಲ್ಲ.

ಅನ್ನಂಭಟ್ಟನಿಗಿಂತ ಸಾವಿರ ವರ್ಷಗಳಷ್ಟು ಹಿಂದಿನ ಪ್ರಶಸ್ತಪಾದ ತನ್ನ ‘ಪದಾರ್ಥಧರ್ಮಸಂಗ್ರಹ’ದಲ್ಲಿ ಭಾವನಾಸಂಸ್ಕಾರ ಗಾಢವಾಗುವುದಕ್ಕೆ ಮೂರು ಕಾರಣಗಳನ್ನು ಹೇಳುತ್ತಾನೆ. ಮೊದಲನೆಯದು ಪಟುಪ್ರತ್ಯಯ, ಅಂದರೆ ಅಚ್ಚರಿಯಿಂದಾಗಿ ಒಂದೇ ಏಟಿಗೆ ಆಳವಾಗಿ ಇಳಿಯುವ ಅರಿವು. ಇದಕ್ಕೆ ಅವನು ಕೊಡುವ ಉದಾಹರಣೆ ದಕ್ಷಿಣದೇಶದವನೊಬ್ಬ ಒಂಟೆಯನ್ನು ಕಂಡದ್ದು. ಎರಡನೆಯದು ಅಭ್ಯಾಸ: ವಿದ್ಯೆ, ಶಿಲ್ಪ, ವ್ಯಾಯಾಮ ಮುಂತಾದವುಗಳಲ್ಲಿ ಹಿಂದಿನ ಸಂಸ್ಕಾರದ ಮೇಲೆ ಮುಂದಿನ ಅರಿವು ಕುಳಿತು, ಪದರದ ಮೇಲೆ ಪದರವಾಗಿ ಬಲಿಯುವುದು. ಮೂರನೆಯದು ಆದರ: ಹಿಂದೆಂದೂ ಕಾಣದ್ದನ್ನು ಕಾಣಲೇಬೇಕೆಂದು ಪ್ರಯತ್ನಪಟ್ಟು ಮನಸ್ಸನ್ನು ಕಣ್ಣಿನಲ್ಲಿ ನೆಟ್ಟು ಕಾಯುವವನಿಗೆ ಮಿಂಚು ಹೊಳೆದಂತೆ ಆಗುವ ದರ್ಶನ, ದೇವಸರೋವರದಲ್ಲಿ ಬೆಳ್ಳಿ-ಬಂಗಾರದ ತಾವರೆಗಳನ್ನು ಕಂಡಂತೆ ಎಂದು ಅದಕ್ಕೆ ದೃಷ್ಟಾಂತ. ಸಂಸ್ಕಾರವನ್ನು ಕೆಡಿಸುವ ವಿರೋಧಿಗಳನ್ನೂ ಅವನು ಎಣಿಸಿದ್ದಾನೆ: ಬೇರೆ ಜ್ಞಾನ, ಮದ, ದುಃಖ ಇತ್ಯಾದಿ.

ಪರೀಕ್ಷೆಯ ಹಿಂದಿನ ರಾತ್ರಿ ಈ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿದರೆ, ಅದು ಒಂಟೆಯ ಪಾಲಿನದು ಎನ್ನಬೇಕಾಗುತ್ತದೆ. ಇಡೀ ಸೆಮಿಸ್ಟರು ಕಣ್ಣೆತ್ತಿ ನೋಡದ ಅಧ್ಯಾಯ ರಾತ್ರಿ ಹನ್ನೊಂದಕ್ಕೆ ಎದುರಾದಾಗ ವಿದ್ಯಾರ್ಥಿಗೆ ಆಗುವ ಬೆರಗು, ಒಂಟೆಯನ್ನು ಕಂಡ ದಾಕ್ಷಿಣಾತ್ಯನ ಬೆರಗಿಗೆ ಕಡಿಮೆಯದಲ್ಲ. ಭಯ ಆ ಬೆರಗಿಗೆ ಇನ್ನಷ್ಟು ಮೊನೆ ಕೊಡುತ್ತದೆ. ಹೀಗಾಗಿ ಆ ರಾತ್ರಿ ಓದಿದ್ದು ಬೆಳಿಗ್ಗೆಯವರೆಗೆ ನಿಲ್ಲುವುದು ಪವಾಡವೇನೂ ಅಲ್ಲ. ಆದರೆ ಒಂಟೆಯನ್ನು ಒಮ್ಮೆ ನೋಡಿದವನಿಗೆ ಒಂಟೆ ಇದೆ ಎಂಬುದು ನೆನಪಿರುತ್ತದೆ, ಅದನ್ನು ಸಾಕುವುದು ತಿಳಿದಿರುವುದಿಲ್ಲ. ಮೇಲಾಗಿ ಐದು ಮಾಡ್ಯೂಲ್‌ಗಳೆಂದರೆ ಒಂದೇ ರಾತ್ರಿಗೆ ಐದು ಒಂಟೆಗಳು. ಒಂದರ ಜ್ಞಾನ ಇನ್ನೊಂದನ್ನು ಒರೆಸುತ್ತದೆ, ನಿದ್ದೆಗೆಟ್ಟ ದುಃಖ ಉಳಿದದ್ದನ್ನು.

ಈ ಮರೆವನ್ನು ಅಳತೆಗೆ ತಂದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಅರ್ಥವಿಲ್ಲದ ಉಚ್ಚಾರಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ಕೆಲವು ಕಾಲದ ಬಳಿಕ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆಂದು ಅವನು ಲೆಕ್ಕವಿಟ್ಟ. ಒಂದು ದಿನದ ನಂತರ ಉಳಿತಾಯ ಮೂಲದ ಸುಮಾರು ಮೂರನೇ ಒಂದರಷ್ಟು, ಒಂದು ತಿಂಗಳ ನಂತರ ಐದನೇ ಒಂದರಷ್ಟು. ಒಂದೇ ದಿನ ಬೆನ್ನುಬೆನ್ನಿಗೆ 68 ಸಲ ಪುನರಾವರ್ತಿಸಿದ್ದು ಕೊಟ್ಟಷ್ಟೇ ಫಲವನ್ನು ಮೂರು ದಿನಗಳಿಗೆ ಹಂಚಿದ 38 ಪುನರಾವರ್ತನೆಗಳು ಕೊಟ್ಟವೆಂಬುದೂ ಅಲ್ಲಿ ದಾಖಲಾಗಿದೆ. ಪ್ರಶಸ್ತಪಾದನ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬಾಯಿಪಾಠವೇ ಕೀಳೆಂಬ ಮಾತು ಇದರಿಂದ ಹೊರಡುವುದಿಲ್ಲ ಎಂಬುದನ್ನೂ ಹೇಳಬೇಕು: ಕ್ರಮ, ಜಟೆ, ಘನ ಎಂದು ಪದಗಳನ್ನು ಹಿಂದುಮುಂದಾಗಿ ಹೆಣೆದು ಕಲಿಯುವ ವೇದಪಾಠಿಯೂ ಬಾಯಿಪಾಠವನ್ನೇ ಮಾಡುತ್ತಾನೆ. ಅವನು ಅದನ್ನು ಸಾಯುವವರೆಗೆ ಇಟ್ಟುಕೊಳ್ಳಲು ಮಾಡುತ್ತಾನೆ, ಮಧ್ಯಾಹ್ನದವರೆಗೆ ಅಲ್ಲ.

ಇಟ್ಟುಕೊಳ್ಳುವುದಕ್ಕೂ ಅರಿಯುವುದಕ್ಕೂ ಇರುವ ಸಂಬಂಧವನ್ನು ಒಂದು ಸೂತ್ರದಲ್ಲಿ ಹತ್ತಿರದಿಂದ ನೋಡಬಹುದು. ರುಂಗೆ ಮತ್ತು ಕುಟ್ಟ ಎಂಬ ಜರ್ಮನ್ ಗಣಿತಜ್ಞರ ಹೆಸರಿನ, 1895 ಮತ್ತು 1901ರ ಲೇಖನಗಳಿಂದ ರೂಪುಗೊಂಡ ನಾಲ್ಕನೆಯ ದರ್ಜೆಯ ವಿಧಾನವು, ಒಂದು ರಾಶಿ ಬದಲಾಗುವ ದರ ಮಾತ್ರ ಗೊತ್ತಿರುವಾಗ ಮುಂದಿನ ಹೆಜ್ಜೆಯಲ್ಲಿ ಅದರ ಬೆಲೆ ಎಷ್ಟೆಂದು ಅಂದಾಜು ಮಾಡುತ್ತದೆ. ಪಾಸಿಂಗ್ ಪ್ಯಾಕೇಜಿನ ಕಾಯಂ ಸದಸ್ಯನಾದ ಇದನ್ನು ವಿದ್ಯಾರ್ಥಿ ನಾಲ್ಕು ಬೆಲೆಗಳ ಪಟ್ಟಿಯಾಗಿ, ‘ಒಂದು, ಎರಡು, ಎರಡು, ಒಂದು, ಕೆಳಗೆ ಆರು’ ಎಂದು ಉರು ಹೊಡೆಯುತ್ತಾನೆ. ಹೆಜ್ಜೆಯ ಆರಂಭದಲ್ಲಿ ಒಮ್ಮೆ, ನಡುವಿನಲ್ಲಿ ಎರಡು ಬಾರಿ, ಕೊನೆಯಲ್ಲಿ ಒಮ್ಮೆ ಇಳಿಜಾರನ್ನು ಅಳೆದು, ನಡುವಿನ ಅಳತೆಗಳಿಗೆ ಇಮ್ಮಡಿ ಗೌರವ ಕೊಟ್ಟು ಸರಾಸರಿ ತೆಗೆಯುವುದೇ ಇದರ ಮರ್ಮ. ದರವು ಸಮಯದಂಥ ಸ್ವತಂತ್ರ ಚರವನ್ನು ಮಾತ್ರ ಅವಲಂಬಿಸಿದ್ದರೆ ನಡುವಿನ ಎರಡು ಅಳತೆಗಳು ಒಂದೇ ಆಗಿ, ತೂಕಗಳು ಒಂದು, ನಾಲ್ಕು, ಒಂದು ಎಂದು ಕೂಡಿಕೊಳ್ಳುತ್ತವೆ. ಆಗ ಕಣ್ಣೆದುರು ನಿಲ್ಲುವುದು ವಿಸ್ತೀರ್ಣ ಕಂಡುಹಿಡಿಯುವ ಸಿಂಪ್ಸನ್ನನ 1/3 ನಿಯಮ. ಪಠ್ಯದಲ್ಲಿ ಬೇರೆ ಶೀರ್ಷಿಕೆಯ ಕೆಳಗೆ ಕುಳಿತು, ಬೇರೊಂದು ಪ್ರಶ್ನೆಯಾಗಿ ಉರು ಹೊಡೆಸಿಕೊಂಡ ಸೂತ್ರ ಇದರ ಒಡಹುಟ್ಟೆಂದು ತಿಳಿದವನಿಗೆ ಎರಡರಲ್ಲಿ ಒಂದರ ಹೊರೆ ಇಳಿಯುತ್ತದೆ. ಕೇಳಿದ್ದನ್ನು ಯುಕ್ತಿಯಿಂದ ತಿರುವಿ ನೋಡುವುದಕ್ಕೆ ವೇದಾಂತಿಗಳು ಮನನವೆಂಬ ಹೆಸರಿಟ್ಟು, ಶ್ರವಣಕ್ಕೂ ನಿದಿಧ್ಯಾಸನವೆಂಬ ನಿರಂತರ ಚಿಂತನೆಗೂ ನಡುವೆ ಅದನ್ನು ನಿಲ್ಲಿಸಿದರು. ಈ ಒಡಹುಟ್ಟನ್ನು ಕಾಣಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಹಿಂದಿನ ರಾತ್ರಿಯಲ್ಲೂ ಸಿಗಬಹುದು, ಆದರೆ ಐದು ಒಂಟೆಗಳು ಬಾಗಿಲಲ್ಲಿ ನಿಂತಿರುವಾಗ ಸಿಗುವುದು ಅಪರೂಪ.

ಅಂತ್ಯಕಾಲದ ಸ್ಮರಣೆಯ ಬಗ್ಗೆ ಭಕ್ತಿಗ್ರಂಥಗಳು ಹೇಳುವುದನ್ನು ಈಗ ಇದರ ಪಕ್ಕದಲ್ಲಿಡಬೇಕು. ಸಾಯುವಾಗ ಯಾವುದನ್ನು ನೆನೆಯುತ್ತಾನೋ ಅದನ್ನೇ ಸೇರುತ್ತಾನೆ ಎಂದು ಗೀತೆಯ ಎಂಟನೆಯ ಅಧ್ಯಾಯ ಹೇಳುವಾಗ ಕೊನೆಯ ಕ್ಷಣಕ್ಕೆ ಎಲ್ಲವನ್ನೂ ಬಿಟ್ಟುಕೊಟ್ಟಂತೆ ತೋರುತ್ತದೆ. ಆದರೆ ಬಾಳಿನುದ್ದಕ್ಕೂ ಯಾವ ಭಾವದಲ್ಲಿ ಮನಸ್ಸು ನೆನೆದಿತ್ತೋ ಅದೇ ಆಗ ಮೇಲೇಳುತ್ತದೆ ಎಂಬ ಷರತ್ತು ಅಲ್ಲೇ ಇದ್ದು, ಆದ್ದರಿಂದ ಸರ್ವಕಾಲದಲ್ಲೂ ಸ್ಮರಿಸುತ್ತ ಯುದ್ಧಮಾಡು ಎಂದು ಅರ್ಜುನನಿಗೆ ಆಜ್ಞೆಯಾಗುತ್ತದೆ. ‘ಮುಕುಂದಮಾಲೆ’ಯ ಕುಲಶೇಖರ ಇನ್ನೂ ವ್ಯವಹಾರಜ್ಞ: ಕಫ-ವಾತ-ಪಿತ್ತಗಳು ಗಂಟಲನ್ನು ಕಟ್ಟುವ ಹೊತ್ತಿನಲ್ಲಿ ಸ್ಮರಣೆ ಎಲ್ಲಿಂದ ಬರಬೇಕು, ಮನಸ್ಸು ಈಗಲೇ ಒಳಹೊಗಲಿ ಎಂದು ಅವನ ಪ್ರಾರ್ಥನೆ. ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು, ಬಂದದ್ದೆಲ್ಲ ಮರೆತುಹೋಯಿತೆಂದು ಬೆವರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಭಾಗವತ ಎದುರುಪಕ್ಷದ ವಾದವನ್ನೂ ಹಿಡಿಯುತ್ತದೆ. ಪರೀಕ್ಷಿತ ರಾಜನಿಗೆ ಸಾವಿನ ಮುಂಚೆ ಇದ್ದದ್ದು ಏಳೇ ದಿನ. ಹೆದರಬೇಡ, ಖಟ್ವಾಂಗನೆಂಬ ರಾಜರ್ಷಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ, ಮಾತ್ರ ಉಳಿದಿತ್ತು, ಅಷ್ಟರಲ್ಲೇ ಅವನು ಎಲ್ಲವನ್ನೂ ಬಿಟ್ಟು ಹರಿಯನ್ನು ಸೇರಿದ ಎಂದು ಶುಕಮುನಿ ಅವನಿಗೆ ಧೈರ್ಯ ಹೇಳುತ್ತಾನೆ. ಅಜಾಮಿಳನ ಕಥೆಯಂತೂ ಕೊನೆಗಳಿಗೆಯವರಿಗೆಲ್ಲ ಅಭಯಪತ್ರವಾಗಿಬಿಟ್ಟಿದೆ: ಸಾಯುವಾಗ ನಾರಾಯಣನೆಂಬ ಮಗನನ್ನು ಕೂಗಿದ್ದಕ್ಕೆ ಯಮದೂತರು ಹಿಂದೆ ಸರಿದರು. ಹರಿಕಥೆಗಳಲ್ಲಿ ಕೇಳಿದವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಆರನೆಯ ಸ್ಕಂಧದಲ್ಲಿ ಕಥೆ ಮುಂದುವರಿದು, ಬದುಕುಳಿದ ಅಜಾಮಿಳ ಪಶ್ಚಾತ್ತಾಪದಿಂದ ಮನೆ ಬಿಟ್ಟು ಗಂಗಾದ್ವಾರಕ್ಕೆ ಹೋಗಿ, ಯೋಗದಲ್ಲಿ ಮನಸ್ಸನ್ನು ನಿಲ್ಲಿಸಿದ ಮೇಲೆಯೇ ವೈಕುಂಠಕ್ಕೆ ತೆರಳುತ್ತಾನೆ. ಕೊನೆಗಳಿಗೆಯ ಕೂಗು ಅವನಿಗೆ ತಂದುಕೊಟ್ಟದ್ದು ಕಾಲಾವಕಾಶವನ್ನು. ಇಂದಿನ ಭಾಷೆಯಲ್ಲಿ, ಅವನು ‘ಬ್ಯಾಕ್’ ಉಳಿಸಿಕೊಳ್ಳದೆ ಮುಂದಿನ ಸೆಮಿಸ್ಟರಿಗೆ ಹೋದ, ಹೋಗಿ ಓದಿದ.

ಹೀಗೆ ನೋಡಿದರೆ ಪರಂಪರೆ ಕಾಲ ಕಿರಿದಾಗಿರುವುದನ್ನು ದೋಷವೆಂದು ಎಣಿಸಿಯೇ ಇಲ್ಲ. ಏಳು ದಿನವೂ ಸಾಕು, 48 ನಿಮಿಷವೂ ಸಾಕು. ಬೇಕಾದದ್ದು ಪ್ರಶಸ್ತಪಾದ ಹೇಳಿದ ಆದರ, ಮಿಂಚು ಹೊಳೆಯುವ ಮೊದಲೇ ಕಣ್ಣಿನಲ್ಲಿ ನೆಟ್ಟ ಮನಸ್ಸು. ಗಂಗೆಯ ದಡದಲ್ಲಿ ಕುಳಿತ ಪರೀಕ್ಷಿತನಿಗೆ ಎಂಟನೆಯ ದಿನ ಮರೆಯುವ ಅವಕಾಶವಿರಲಿಲ್ಲ. ಪಾಸಿಂಗ್ ಪ್ಯಾಕೇಜು ಹಿಡಿದವನು ಮಾತ್ರ ಎಂಟನೆಯ ದಿನಕ್ಕಾಗಿಯೇ ಕಾಯುತ್ತಿರುತ್ತಾನೆ, ಏಕೆಂದರೆ ಅವನ ಓದಿನ ಆರಂಭದಲ್ಲೇ ಮರೆಯುವ ಸಂಕಲ್ಪವೂ ಆಗಿರುತ್ತದೆ. ದೋಷವಿರುವುದು ಈ ಸಂಕಲ್ಪದಲ್ಲಿ. ಅದರ ಭಾರವನ್ನೆಲ್ಲ ವಿದ್ಯಾರ್ಥಿಯ ತಲೆಗೇ ಕಟ್ಟುವುದು ಮಾತ್ರ ನ್ಯಾಯವಾಗದು. ಹಗಲು ದುಡಿದು ರಾತ್ರಿ ಓದುವವನಿಗೆ ಹಿಂದಿನ ರಾತ್ರಿಯೇ ಇರುವ ಒಂದು ರಾತ್ರಿ. ಕನ್ನಡ ಮಾಧ್ಯಮದಿಂದ ಬಂದವನಿಗೆ ಸೆಮಿಸ್ಟರಿನ ಮೊದಲ ಎರಡು ತಿಂಗಳು ಪಾಠದ ಇಂಗ್ಲಿಷನ್ನು ದಾಟುವುದರಲ್ಲೇ ಕಳೆದಿರುತ್ತವೆ. ಇನ್ನು ಪ್ರಶ್ನೆಪತ್ರಿಕೆ ಯಾವ ನೆನಪನ್ನು ಕೇಳುತ್ತದೋ ವಿದ್ಯಾರ್ಥಿ ಅದನ್ನೇ ಒಯ್ದು ಕೊಡುತ್ತಾನೆ. ‘ಒಂದು, ಎರಡು, ಎರಡು, ಒಂದು’ ಎಂಬುದಕ್ಕೆ ಅಂಕ ಕೊಟ್ಟು, ಅದು ಹಾಗೇಕೆ ಎಂಬುದನ್ನು ಎಂದೂ ಕೇಳದ ಪ್ರಶ್ನೆಪತ್ರಿಕೆ ಸ್ಮೃತಿಯನ್ನು ಪ್ರಮೆಯೆಂದು ಒಪ್ಪಿಕೊಂಡಂತಾಯಿತು. ನೈಯಾಯಿಕರ ಕಣ್ಣಿನಲ್ಲಿ ಅದು ಓದುವವನ ತಪ್ಪಿಗಿಂತ ದೊಡ್ಡ ತಪ್ಪು.

ಮರೆಯುವ ಸಂಕಲ್ಪ ಪೂರ್ತಿ ಕೈಗೂಡುವುದೂ ಇಲ್ಲ. ಪದವಿಯ ಕೊನೆಯ ವರ್ಷದಲ್ಲಿ ಗೇಟ್ ಪರೀಕ್ಷೆಗೆ ಅರ್ಜಿ ಹಾಕುವ ಸಿವಿಲ್ ಅಥವಾ ಮೆಕ್ಯಾನಿಕಲ್ ವಿದ್ಯಾರ್ಥಿಯ ಮುಂದೆ ಎಂಜಿನಿಯರಿಂಗ್ ಗಣಿತ 100ಕ್ಕೆ ಸುಮಾರು 13 ಅಂಕಗಳ ಭಾಗವಾಗಿ ಮರಳಿ ಬರುತ್ತದೆ. ಅದರ ಪಠ್ಯದಲ್ಲಿ ಸಿಂಪ್ಸನ್ನನ ನಿಯಮ ಈಗಲೂ ಇದೆ.