ಎಚ್ಚರಿಕೆ ಅವಿಶ್ವಾಸವೇ?

ಮಳೆಗಾಲದಲ್ಲಿ ಹೊಳೆದಂಡೆಯ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ದೇವರಿದ್ದಾನೆ, ಏನೂ ಆಗುವುದಿಲ್ಲ ಬಿಡಿ." ಮಾತಿನಲ್ಲಿ ಭಕ್ತಿಯಿದೆ. ಆದರೆ ಊರು ಬಿಡಿರೆಂದು ಡಂಗುರ ಸಾರಿದ ಮೇಲೂ ಹೀಗೆ ಹೇಳಿ ಕುಳಿತರೆ ಅದು ವಿಶ್ವಾಸವೇ? ಗಂಟುಮೂಟೆ ಕಟ್ಟಿ ಮೊದಲೇ ಹೊರಟವನು ಅಲ್ಪವಿಶ್ವಾಸಿಯೇ?

ನಮ್ಮ ಬಳ್ಳಾರಿ ಬಿಸಿಲಿಗೆ ಹೆಸರಾದ ಊರು. ಪ್ರವಾಹವೆಂದರೆ ಬೇರೆಯವರ ಕಷ್ಟವೆಂದು ತಿಳಿಯುತ್ತೇವೆ. ಆದರೆ ತುಂಗಭದ್ರೆ ತುಂಬುವುದು ಹೆಚ್ಚಾಗಿ ಮಲೆನಾಡಿನ ಮಳೆಯಿಂದ. ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ಬಿಸಿಲು ಕಾಯುತ್ತಿರುವಾಗಲೇ ಸಿರುಗುಪ್ಪದ ಭತ್ತದ ಗದ್ದೆಗೆ ಹೊಳೆ ನುಗ್ಗಬಹುದು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಮಳೆ ನಮ್ಮ ಸೀಮೆಯ ಮೇಲೆಯೇ ಸುರಿಯಿತು. ಆ ನೆರೆಯಲ್ಲಿ ಉತ್ತರ ಕರ್ನಾಟಕದ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಕೆಳಗಿನ ಹಳ್ಳಿಗಳವರು ಅದನ್ನು ಕಣ್ಣಾರೆ ಕಾಣಲಿಲ್ಲ. ಹೇಳಿದವರ ಮಾತನ್ನು ನಂಬಿಯೇ ಎಚ್ಚರಗೊಳ್ಳಬೇಕಾಯಿತು.

ಚಳಿಯ ಅಪಾಯವೂ ಕಣ್ಣಿಗೆ ಕಾಣದು. ಕ್ರಿಸ್ತಜಯಂತಿಯ ದಿನಗಳಲ್ಲಿ ಕೂಸು, ಅಜ್ಜಿ ಬೆಚ್ಚಗಿರಲೆಂದು ಬಾಗಿಲು ಕಿಟಕಿ ಮುಚ್ಚಿ, ಕೋಣೆಯೊಳಗೆ ಇದ್ದಿಲ ಕೆಂಡವಿಟ್ಟು ಮಲಗುವವರಿದ್ದಾರೆ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರೀತಿಯಿಂದ ಇಟ್ಟ ಕೆಂಡವೇ ನಿದ್ದೆಯಲ್ಲಿ ಜೀವ ತೆಗೆಯುತ್ತದೆ. ಪ್ರೀತಿಯೊಂದಿಗೆ ವಿವೇಕವೂ ಬೇಕು. ಧರ್ಮಸಭೆ ನಾಲ್ಕು ಮೂಲ ಸದ್ಗುಣಗಳಲ್ಲಿ ವಿವೇಕವನ್ನು ಮೊದಲು ಎಣಿಸುವುದು ಸುಮ್ಮನೆ ಅಲ್ಲ.

ಕಾಣದ್ದನ್ನು ನಂಬುವುದೇ ವಿಶ್ವಾಸವೆಂದು ಬಾಲ್ಯದಲ್ಲೇ ಕಲಿತಿದ್ದೇವೆ. ನೋವನು ಮಳೆ ಬೀಳುವ ಮೊದಲೇ ನಾವೆ ಕಟ್ಟಿದ. ಪವಿತ್ರ ಗ್ರಂಥ ಅವನನ್ನು ವಿಶ್ವಾಸಿಯೆಂದೇ ಹೊಗಳುತ್ತದೆ. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದವನು ಸೈತಾನ. ಯೇಸುಸ್ವಾಮಿ ಅದಕ್ಕೆ ಒಪ್ಪಲಿಲ್ಲ. ದೇವರನ್ನು ನಂಬುವುದು ಬೇರೆ, ಪರೀಕ್ಷಿಸುವುದು ಬೇರೆ. ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ಬೈಕು ನುಗ್ಗಿಸುವುದು ಪರೀಕ್ಷಿಸುವುದೇ. ರಭಸದ ನೀರು ಮೊಣಕಾಲುದ್ದ ಇದ್ದರೂ ಸಾಕು, ಗಟ್ಟಿ ಆಳನ್ನು ಕೆಡವುತ್ತದೆ. ಅವನನ್ನು ಉಳಿಸಲು ನೀರಿಗಿಳಿಯುವ ಅಗ್ನಿಶಾಮಕ ದಳದ ಯುವಕನಿಗೂ ಮನೆಯಲ್ಲಿ ತಾಯಿ ಕಾಯುತ್ತಿರುತ್ತಾಳೆ. ನಮ್ಮ ಪ್ರಾಣ ನಮ್ಮೊಬ್ಬರದೇ ಸ್ವತ್ತಲ್ಲ.

ಆದರೆ ಇನ್ನೊಂದು ಮಾತೂ ಇದೆ. ಎಚ್ಚರವಹಿಸುವ ಅನುಕೂಲ ಎಲ್ಲರಿಗೂ ಒಂದೇ ಸಮನಾಗಿಲ್ಲ. ಎಮ್ಮೆಯನ್ನೂ ಭತ್ತದ ಮೂಟೆಯನ್ನೂ ಬಿಟ್ಟು ಬಂದರೆ ನಾಳೆ ಉಣ್ಣುವುದೇನು ಎನ್ನುವ ಬಡವನಿಗೆ, ನಡೆಯಲಾಗದ ಒಂಟಿ ಮುದುಕಿಗೆ ಉಪದೇಶವಷ್ಟೇ ಸಾಲದು. ಇಂಥವರು "ದೇವರಿದ್ದಾನೆ" ಎಂದರೆ ಅದು ಮೊಂಡುತನವಲ್ಲ, ಬೇರೆ ದಾರಿಯಿಲ್ಲದವರ ನಿಟ್ಟುಸಿರು. ಆ ದೇವರು ಅವರ ಬಳಿಗೆ ಬರುವುದು ಬಾಗಿಲು ತಟ್ಟುವ ನೆರೆಯವನ ರೂಪದಲ್ಲಿ. ಬಳ್ಳಾರಿಯ ಬೀದಿಯಲ್ಲಿ ಚಳಿಗೆ ಮುದುಡಿ ಮಲಗಿದ ಕೂಲಿಯವನಿಗೆ ನಮ್ಮ ಮನೆಯ ಹೆಚ್ಚಿನ ಕಂಬಳಿಯೇ ದೇವರ ಕೃಪೆ.

ಈ ವಾರ ಒಂದು ಸಂಜೆ, ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಹತ್ತು ನಿಮಿಷ ಕುಳಿತು ಮಾತನಾಡಿ. ಕಾಗದಪತ್ರ ಎಲ್ಲಿಡಬೇಕು? ನೀರು ಬಂದರೆ ಯಾವ ಎತ್ತರದ ಜಾಗಕ್ಕೆ ಹೋಗಬೇಕು? ಪಕ್ಕದ ಮನೆಯ ಅಜ್ಜಿಯನ್ನು ಯಾರು ಎತ್ತಿಕೊಂಡು ಬರಬೇಕು? ಆ ಹತ್ತು ನಿಮಿಷವೂ ಪ್ರಾರ್ಥನೆಯೇ.